ಹೊಲ ಎಲ್ಲರದು, ಪತ್ರ ಮುತ್ತಜ್ಜನದು

ಕ್ರಿಕೆಟ್ ಹುಚ್ಚಿನ ಹುಡುಗರಿಗೆ ವೆಸ್ಟ್ ಇಂಡೀಸ್ ಗೊತ್ತು. ಅಲ್ಲಿನ ಜಮೈಕಾ ದ್ವೀಪದ ಬೇಸಾಯದ ಮಾತು ಇವತ್ತು.

1838ರಲ್ಲಿ ಗುಲಾಮಗಿರಿ ಪೂರ್ತಿ ತೊಲಗಿದಾಗ ಬಯಲಿನ ಒಳ್ಳೆಯ ಭೂಮಿ ಕಬ್ಬಿನ ತೋಟದ ಧಣಿಗಳಲ್ಲೇ ಉಳಿಯಿತು. ಬಿಡುಗಡೆಯಾದವರು ಗುಡ್ಡದ ಇಳಿಜಾರಿನಲ್ಲಿ ತುಂಡು ನೆಲ ಕೊಂಡರು. ಎಷ್ಟೋ ಮನೆತನಗಳು ಅದನ್ನು ಪಾಲು ಮಾಡಲಿಲ್ಲ, ಮಾರಲಿಲ್ಲ. ಗಂಡು ಹೆಣ್ಣೆನ್ನದೆ ಸಂತತಿಗೆಲ್ಲ ಸೇರಿದ್ದು ಅಂತ ಬಿಟ್ಟರು. ಲಂಡನ್ನಿಗೆ ಹೋದವರಿಗೂ ಅದರಲ್ಲಿ ಹಕ್ಕುಂಟು. ಪದ್ಧತಿ ಒಳ್ಳೆಯದೇ, ನೋಡಿ.

ತೊಡಕು ಬರುವುದು ಸಾಲದ ಹೊತ್ತಿಗೆ. ಬ್ಯಾಂಕಿನವರು ಪತ್ರ ಕೇಳುತ್ತಾರೆ. ಪತ್ರವಿದ್ದರೂ ಅದು ಎಂದೋ ತೀರಿಕೊಂಡ ಮುತ್ತಜ್ಜನ ಹೆಸರಲ್ಲಿ! ಪೌತಿ ಖಾತೆಗೆ ಅಲೆದವರಿಗೆ ಇದು ಹೊಸ ಮಾತಲ್ಲ. ಗೆಡ್ಡೆಗೆಣಸು, ತರಕಾರಿಯನ್ನು ಪೇಟೆಗೆ ಒಯ್ದು ಮಾರುವವರು ಅಲ್ಲಿ ಹೆಚ್ಚಾಗಿ ಹೆಂಗಸರೇ, ಹಿಗ್ಲರ್ ಅಂತಾರೆ. ವ್ಯಾಪಾರ ಬಲ್ಲವಳು, ಆದರೆ ಒತ್ತೆಯಿಡಲು ಕಾಗದವಿಲ್ಲ. ಹರೆಯದ ಹುಡುಗನ ಪಾಡೂ ಅಷ್ಟೆ. ಜೊತೆಗೆ ಬೆಳೆಗಳ್ಳರ ಕಾಟ ಬೇರೆ. ಅವನು ಪಟ್ಟಣದ ದಾರಿ ಹಿಡಿದರೆ ಬೈಯುವುದು ಹೇಗೆ?

2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ತೆಂಕಣ ಸೀಮೆಯ ಬೆಳೆ ಹೊಡೆದುಹಾಕಿತು. ಮತ್ತೆ ನೆಡಲು ದುಡ್ಡು ಬೇಕು. ಇಂಥ ಹೊತ್ತಿನಲ್ಲಾದರೂ ಬ್ಯಾಂಕಿನವರು ಪತ್ರ ಬಿಟ್ಟು ಅವಳ ಸಂತೆಯ ಲೆಕ್ಕ ನೋಡಿ ಸಾಲ ಕೊಡಬಾರದೇಕೆ?