ಮಾತುಕತೆಯ ಮೇಜಿನ ಮೇಲೆ ಶಾಲೆ ಎಲ್ಲಿದೆ?

(ಶಿಕ್ಷಕರ ದಿನಾಚರಣೆಯ ಅಂಗವಾಗಿ ಸಿಕಂದರಾಬಾದಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಶಿಕ್ಷಕರ ದಿನದಂದು ಒಬ್ಬ ನಿವೃತ್ತ ಮೇಷ್ಟ್ರನ್ನು ಕರೆದು ಶಾಲು ಹೊದಿಸುವುದು ರೂಢಿ. ಹೊದಿಸಿಕೊಂಡವನು ರಾಧಾಕೃಷ್ಣನ್ ಅವರನ್ನು ಸ್ಮರಿಸಿ, ಗುರುಪರಂಪರೆಯ ಹಿರಿಮೆಯನ್ನು ಕೊಂಡಾಡಿ ಕುಳಿತುಕೊಳ್ಳುವುದೂ ರೂಢಿಯೇ. ಶಾಲನ್ನು ನಾನು ಸಂತೋಷದಿಂದ ಸ್ವೀಕರಿಸಿದ್ದೇನೆ. ಎರಡನೆಯ ರೂಢಿಯನ್ನು ಮುರಿಯಲು ಅನುಮತಿ ಬೇಡುತ್ತೇನೆ. ನಾನು ಮಾತನಾಡಬೇಕೆಂದು ಬಂದಿರುವುದು ಸಂಬಳದ ಬಗ್ಗೆ. ಗುರುವಿನ ಬಾಯಲ್ಲಿ ಸಂಬಳದ ಮಾತು ಶೋಭಿಸುವುದಿಲ್ಲ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರಲ್ಲಿ ಹೆಚ್ಚಿನವರು ತಿಂಗಳ ಮೊದಲ ತಾರೀಖಿಗೆ ಸಂಬಳ ಪಡೆದವರೇ ಎಂಬುದನ್ನೂ ನಾನು ಗಮನಿಸಿದ್ದೇನೆ.

1980ರ ದಶಕದಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರ ತಿಂಗಳಿಗೆ 398 ರೂಪಾಯಿಗಳ ಒಟ್ಟು ಸಂಬಳದ ಮೇಲೆ ವಿಶೇಷ ಶಿಕ್ಷಕರನ್ನು ನೇಮಿಸಿತು. ಅವರಿಗೆ ‘398 ಟೀಚರುಗಳು’ ಎಂದೇ ಹೆಸರು ಬಿತ್ತು. ನಾನೂ ಆ ಗುಂಪಿನವನು. ನನ್ನ ಪಾಲಿಗೆ ಬಂದದ್ದು ಅಂದಿನ ಮಹಬೂಬ್‌ನಗರ ಜಿಲ್ಲೆಯ ಪಶ್ಚಿಮದ ಗಡಿಯಲ್ಲಿ, ರಾಯಚೂರಿಗೆ ಕೂಗಳತೆಯಂತಿದ್ದ ಒಂದು ಹಳ್ಳಿಯ ಶಾಲೆಯ ಕನ್ನಡ ವಿಭಾಗ. ಪಕ್ಕದ ಕೋಣೆಯಲ್ಲಿ ಪೂರ್ಣ ವೇತನ ಶ್ರೇಣಿಯ ಸಹೋದ್ಯೋಗಿ, ಈ ಕೋಣೆಯಲ್ಲಿ ನಾನು; ನಡುವೆ ಒಂದು ಮಣ್ಣಿನ ಗೋಡೆ. ಕೆಲಸ ಒಂದೇ, ಸೀಮೆಸುಣ್ಣ ಒಂದೇ. ಅವರು ನನ್ನನ್ನು ಕೀಳಾಗಿ ಕಂಡವರಲ್ಲ. ಆದರೆ ಊರಿನ ಕಿರಾಣಿ ಅಂಗಡಿಯ ಶೆಟ್ಟರು ಅವರಿಗೆ ಉದ್ದರಿ ಕೊಡುತ್ತಿದ್ದರು, ನನಗೆ ಕೊಡುತ್ತಿರಲಿಲ್ಲ. ವೇತನ ತಾರತಮ್ಯ ಎಂಬ ಮಾತನ್ನು ನಾನು ಕಲಿತದ್ದು ಸಂಘಟನೆಯ ಕರಪತ್ರದಿಂದಲ್ಲ, ಆ ಅಂಗಡಿಯ ಕಟ್ಟೆಯ ಮೇಲೆ.

ಮುಂದೆ ನಾವು ಕ್ರಮಬದ್ಧರಾದೆವು, ಶ್ರೇಣಿಗೆ ಸೇರಿದೆವು. ಅದು ತಾನಾಗಿ ಆದದ್ದಲ್ಲ. ಧರಣಿಗಳಿಂದ, ಮನವಿಗಳಿಂದ, ಶಿಕ್ಷಕರ ಸಂಘಟನೆಗಳ ಛಲದಿಂದ ಆದದ್ದು. ಆದ್ದರಿಂದ ಈಗ ನಾನು ಸಂಘಟನೆಗಳ ಬಗ್ಗೆ ಆಡಲಿರುವ ಟೀಕೆಯ ಮಾತುಗಳನ್ನು ಋಣಿಯೊಬ್ಬನ ಮಾತುಗಳೆಂದು ತಾವು ಭಾವಿಸಬೇಕು.

ವೇತನದ ಮಾತುಕತೆ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಗಾಗ ವೇತನ ಪರಿಷ್ಕರಣಾ ಆಯೋಗ ಕೂಡುತ್ತದೆ. ಹಳೆಯ ಮೂಲವೇತನಕ್ಕೆ ಅಂದಿನ ತುಟ್ಟಿಭತ್ಯೆಯನ್ನು ಸೇರಿಸಿ, ಅದರ ಮೇಲೆ ಮೂಲವೇತನದ ಇಷ್ಟು ಶೇಕಡಾ ಎಂದು ಇನ್ನೊಂದು ಮೊತ್ತವನ್ನು ಕೂಡಿಸುತ್ತಾರೆ. ಇದೇ ‘ಫಿಟ್‌ಮೆಂಟ್’. ಜಗಳವೆಲ್ಲ ಈ ಒಂದು ಅಂಕಿಯ ಮೇಲೆ. ತೆಲಂಗಾಣದಲ್ಲಿ 2021ರ ಜನವರಿಯಲ್ಲಿ ಬಹಿರಂಗವಾದ ಬಿಸ್ವಾಲ್ ಸಮಿತಿಯ ವರದಿ ಶೇ. 7.5 ಎಂದಿತು. ಮೂವತ್ತು ಸಾವಿರ ಮೂಲವೇತನದವರಿಗೆ ಇದು 2,250 ರೂಪಾಯಿ. ನೌಕರರು ಸಿಡಿದೆದ್ದರು. ಅದೇ ವರ್ಷ ಮಾರ್ಚ್ 22ರಂದು, ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳ ಫಲಿತಾಂಶ ಬಂದ ಎರಡು ಮೂರು ದಿನಗಳಲ್ಲೇ, ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರು ವಿಧಾನಸಭೆಯಲ್ಲಿ ಶೇ. 30 ಎಂದು ಘೋಷಿಸಿದರು; ಅದೇ ಮೂಲವೇತನದ ಮೇಲೆ 9,000. ನಿವೃತ್ತಿಯ ವಯಸ್ಸು 58ರಿಂದ 61ಕ್ಕೆ ಏರಿತು. (ನಾನು 2018ರಲ್ಲೇ ಐವತ್ತೆಂಟು ತುಂಬಿ ಮನೆಗೆ ಬಂದಿದ್ದೆ; ಇದನ್ನು ಹೇಳಿ ನನ್ನಾಕೆ ಈಗಲೂ ನಗುತ್ತಾಳೆ.) ಆಯೋಗವೊಂದು ವರ್ಷಗಟ್ಟಲೆ ಲೆಕ್ಕ ಹಾಕಿ ಹೇಳಿದ ಅಂಕಿ ಎರಡು ತಿಂಗಳೊಳಗೆ ನಾಲ್ಕು ಪಟ್ಟಾಯಿತೆಂದರೆ, ನಿರ್ಣಯವಾಗುವುದು ಲೆಕ್ಕದಿಂದಲ್ಲ, ಬಲದಿಂದ ಎಂದು ಬೇರೆ ಹೇಳಬೇಕೆ?

ನೆರೆಯ ಆಂಧ್ರದಲ್ಲಿ ಇದರ ತಿರುವುಮುರುವು ನಡೆಯಿತು. 2022ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಶೇ. 23 ಎಂದಿತು, ಅದಕ್ಕೆ ಮೊದಲೇ ನೌಕರರು ಶೇ. 27ರ ಮಧ್ಯಂತರ ಪರಿಹಾರ ಪಡೆಯುತ್ತಿದ್ದರು. ಜೊತೆಗೆ ಮನೆ ಬಾಡಿಗೆ ಭತ್ಯೆಯಲ್ಲೂ ಕಡಿತ. ಫೆಬ್ರವರಿ 3ರಂದು ‘ಚಲೋ ವಿಜಯವಾಡ’ ಎಂದು ಸಾವಿರಾರು ಮಂದಿ ಪೊಲೀಸರ ಕಣ್ಣು ತಪ್ಪಿಸಿ ಹೊರಟರು. ಎರಡು ದಿನ ಕಳೆದು ಮಂತ್ರಿಗಳ ಸಮಿತಿಯೊಡನೆ ಒಪ್ಪಂದವಾಯಿತು, ಮುಷ್ಕರ ನಿಂತಿತು. ಬಾಡಿಗೆ ಭತ್ಯೆ ಒಂದಿಷ್ಟು ಮರಳಿತು, 23 ಮಾತ್ರ 23 ಆಗಿಯೇ ಉಳಿಯಿತು. ಒಪ್ಪಂದಕ್ಕೆ ಅಸಮ್ಮತಿ ತೋರಿ ಸಿಡಿದು ನಿಂತವರು ಶಿಕ್ಷಕರ ಸಂಘಗಳವರು. ನಮ್ಮ ನಾಡಿನಲ್ಲೂ 2023ರ ಮಾರ್ಚ್ 1ರಂದು ನೌಕರರು ಕೆಲಸ ನಿಲ್ಲಿಸಿ ಶೇ. 17ರ ಮಧ್ಯಂತರ ಪರಿಹಾರ ಪಡೆದರು; 2024ರ ಆಗಸ್ಟ್ 1ರಿಂದ ಏಳನೆಯ ವೇತನ ಆಯೋಗದ ಶೇ. 27.5 ಜಾರಿಗೆ ಬಂತು. ಬೀದರಿನಲ್ಲಿ ಮೇಷ್ಟ್ರಾಗಿರುವ ನನ್ನ ತಂಗಿಯ ಮಗ ಅಂದು ಫೋನ್ ಮಾಡಿ, “ಮಾಮಾ, ನಿಮ್ಮ ಕಡೆ ಎಷ್ಟಾಯ್ತು?” ಎಂದು ಕೇಳಿದ. ಎರಡು ರಾಜ್ಯಗಳ ಶಿಕ್ಷಕರು ಫೋನಿನಲ್ಲಿ ಮಾತನಾಡುವುದು ಇದನ್ನೇ. “ನಿನ್ನ ಶಾಲೆಯಲ್ಲಿ ಎಷ್ಟು ಮೇಷ್ಟ್ರುಗಳಿದ್ದೀರಿ?” ಎಂದು ನಾನೂ ಅವನನ್ನು ಕೇಳಲಿಲ್ಲ.

ಇಲ್ಲಿಯೇ ನನ್ನ ಮಾತಿನ ಗಂಟಿದೆ. ಶೇಕಡಾವಾರು ಅಂಕಿ ಎಲ್ಲರಿಗೂ ಸೇರಿದ್ದು, ಅದರ ಹಿಂದೆ ಲಕ್ಷಾಂತರ ಮಂದಿ ನಿಲ್ಲುತ್ತಾರೆ. ಶಾಲೆಯ ಕಷ್ಟ ಹಾಗಲ್ಲ. ಒಂದೊಂದು ಶಾಲೆಗೆ ಒಂದೊಂದು ಬಗೆ. ಅದನ್ನು ಎತ್ತಿ ಮೇಜಿನ ಮೇಲಿಡಲು ಬೇಕಾದಷ್ಟು ಕೈಗಳು ಇರುವುದಿಲ್ಲ.

1990ರ ದಶಕದ ಆರಂಭದಲ್ಲಿ ಶಿಕ್ಷಕರ ಸಂಘಟನೆಯೊಂದು ಬೇಡಿಕೆಗಳ ಪಟ್ಟಿ ತಯಾರಿಸಲು ನಮ್ಮ ಭಾಗದಲ್ಲಿ ಸಭೆ ಕರೆದಿತ್ತು. ಹೆಸರು ಬೇಡ. ನಾನು ಎದ್ದು ನಿಂತು, ಕನ್ನಡ ವಿಭಾಗಕ್ಕೆ ಪಠ್ಯಪುಸ್ತಕಗಳು ದಸರೆಯ ಹೊತ್ತಿಗೆ ಬರುತ್ತವೆ, ತರಬೇತಿಯೆಲ್ಲ ತೆಲುಗಿನಲ್ಲಿ ನಡೆಯುತ್ತದೆ, ಐದು ತರಗತಿಗೆ ನಾನೊಬ್ಬನೇ ಇದ್ದೇನೆ, ಇನ್ನೊಂದು ಹುದ್ದೆಯ ಬೇಡಿಕೆಯನ್ನು ಪಟ್ಟಿಗೆ ಸೇರಿಸಿ ಎಂದೆ. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಒಳ್ಳೆಯವರು. “ಪಂತುಲುಗಾರೂ, ಮೀರು ಎಂತ ಮಂದಿ?” ಎಂದು ಮೃದುವಾಗಿಯೇ ಕೇಳಿದರು. ನೀವು ಎಷ್ಟು ಜನ? ಆ ಭಾಗದಲ್ಲಿ ನನಗೆ ಗೊತ್ತಿದ್ದವರು ಹನ್ನೊಂದು ಜನ. ಬೇಡಿಕೆ ಪಟ್ಟಿಗೆ ಸೇರಿತು, ಕೊನೆಯಿಂದ ಎರಡನೆಯದಾಗಿ. ಮೇಲಿನ ಮಟ್ಟದ ಮಾತುಕತೆಗೆ ಹೋಗುವಾಗ ಪಟ್ಟಿಯನ್ನು ಹತ್ತಕ್ಕೆ ಇಳಿಸಿದರು. ನಾನು ಕೋಪಿಸಿಕೊಳ್ಳಲಿಲ್ಲ, ಅವರ ಜಾಗದಲ್ಲಿ ನಾನಿದ್ದಿದ್ದರೂ ಹಾಗೆಯೇ ಮಾಡುತ್ತಿದ್ದೆನೇನೋ. ಆದರೆ ಆ ಪ್ರಶ್ನೆಯನ್ನು ಮರೆಯಲೂ ಇಲ್ಲ.

ಸರ್ಕಾರದ ಕಡೆಯಿಂದಲೂ ಎಣಿಕೆಯದೇ ಆಡಳಿತ. 2021ರ ಡಿಸೆಂಬರಿನಲ್ಲಿ ಹೊರಟ 317ನೆಯ ಆದೇಶ ತಮಗೆ ನೆನಪಿರಬಹುದು. ಹೊಸ ಜಿಲ್ಲೆಗಳಿಗೆ ನೌಕರರನ್ನು ಹಂಚುವಾಗ ಸೇವಾಹಿರಿತನವನ್ನು ಮುಂದಿಟ್ಟುಕೊಂಡದ್ದರಿಂದ ಕಿರಿಯರು ಹುಟ್ಟಿದ ಜಿಲ್ಲೆ ಬಿಟ್ಟು ದೂರದ ಜಿಲ್ಲೆಗಳ ಪಾಲಾದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಶೇ. 30 ಕೈಗೆ ಬಂದ ವರ್ಷದಲ್ಲೇ ಮನೆ ಎರಡಾದವರಿಗೆ ಆ ಹೆಚ್ಚಳ ಎರಡನೆಯ ಬಾಡಿಗೆಗೆ ಸರಿಹೋಯಿತು. ಸಂಬಳ ಮತ್ತು ಕೆಲಸದ ಪರಿಸ್ಥಿತಿ ಎರಡು ಬೇರೆ ಕಡತಗಳಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರೆ.

ಇನ್ನು, ‘ಮೇಷ್ಟ್ರುಗಳಿಗೆ ಸುಮ್ಮನೆ ಸಂಬಳ ಏರಿಸುವುದೇಕೆ, ಮಕ್ಕಳು ಕಲಿತಷ್ಟು ಕೊಡಿ’ ಎಂಬ ವಾದ. ಇದು ಹೊಸದಲ್ಲ. ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬವರು ತಂದ ನಿಯಮಾವಳಿಯಂತೆ ಮಕ್ಕಳ ಪರೀಕ್ಷೆಯನ್ನು ನೋಡಿ ಶಾಲೆಗೆ ಅನುದಾನ ಕೊಟ್ಟರು. ಸ್ವತಃ ಶಾಲಾ ಇನ್‌ಸ್ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಅರ್ನಾಲ್ಡ್ ಇದನ್ನು ಕಟುವಾಗಿ ವಿರೋಧಿಸಿದರು. ಅದೇ ಪದ್ಧತಿ ಮದ್ರಾಸ್ ಪ್ರಾಂತಕ್ಕೂ ಬಂತು. ಅಂದರೆ ಅಂದು ಅದರಲ್ಲಿದ್ದ ನಮ್ಮ ಬಳ್ಳಾರಿ, ದಕ್ಷಿಣ ಕನ್ನಡಗಳಿಗೂ. ಉರುಹೊಡೆಸುವುದೇ ವಿದ್ಯೆಯಾಯಿತು, ಎರಡೂ ಕಡೆ ಕೈಬಿಟ್ಟರು.

ಆದರೂ ಈ ವಾದವನ್ನು ನಮ್ಮ ಮಣ್ಣಿನಲ್ಲೇ ಒಮ್ಮೆ ಪ್ರಾಮಾಣಿಕವಾಗಿ ಪರೀಕ್ಷಿಸಿ ನೋಡಿದ್ದಾರೆ. 2005ರಿಂದ ಅವಿಭಜಿತ ಆಂಧ್ರಪ್ರದೇಶದ ಐದು ಜಿಲ್ಲೆಗಳ 500 ಗ್ರಾಮೀಣ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ, ರಾಜ್ಯ ಸರ್ಕಾರ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಮತ್ತು ವಿಶ್ವಬ್ಯಾಂಕುಗಳ ಸಹಯೋಗದಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು ನಡೆಸಿದ ಪ್ರಯೋಗ ಅದು. ಮಕ್ಕಳ ಸರಾಸರಿ ಅಂಕ ಶೇ. 5ಕ್ಕಿಂತ ಮೇಲೆ ಏರಿದರೆ, ಮುಂದಿನ ಪ್ರತಿ ಒಂದು ಶೇಕಡಾಕ್ಕೆ ಶಿಕ್ಷಕರಿಗೆ 500 ರೂಪಾಯಿ. ಕೆಲವು ಶಾಲೆಗಳಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ, ಕೆಲವದರಲ್ಲಿ ಶಾಲೆಗೆಲ್ಲ ಸೇರಿ. ಸುದ್ದಿ ಕೇಳಿದಾಗ ನಾನು, ನಮ್ಮನ್ನು ತುಂಡುಗುತ್ತಿಗೆಯ ಕೂಲಿಗಳನ್ನಾಗಿ ಮಾಡಿದರಲ್ಲ ಎಂದು ರೇಗಿದ್ದೆ. 2011ರಲ್ಲಿ ಪ್ರಬಂಧ ಹೊರಬಂದ ಮೇಲೆ ಒಬ್ಬ ಗೆಳೆಯರು ಅದರ ಸಾರವನ್ನು ಓದಿ ಹೇಳಿದರು. ಎರಡು ವರ್ಷಗಳಲ್ಲಿ ಪ್ರೋತ್ಸಾಹಧನವಿದ್ದ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಮುಂದಿದ್ದರು. ಬಹುಮಾನವಿಲ್ಲದ ವಿಜ್ಞಾನ, ಸಮಾಜ ಪಾಠಗಳಲ್ಲೂ ಹಿಂದೆ ಬೀಳಲಿಲ್ಲ, ಮುಂದಿದ್ದರು. ಇಷ್ಟಕ್ಕೆ ತಗುಲಿದ್ದು ವಾರ್ಷಿಕ ವೇತನದ ಶೇ. 3ರ ಆಸುಪಾಸು. ನನ್ನ ಕೋಪಕ್ಕೆ ಪೆಟ್ಟು ಬಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ. ಶಿಕ್ಷಕರ ಗೈರುಹಾಜರಿಯಲ್ಲಿ ಬದಲಾವಣೆಯಾಗಲಿಲ್ಲ. ಬಂದವರು ಹೆಚ್ಚು ದುಡಿದರು, ಹೆಚ್ಚು ಮನೆಗೆಲಸ ಕೊಟ್ಟರು, ಶಾಲೆ ಬಿಟ್ಟ ಮೇಲೂ ಪಾಠ ಮಾಡಿದರು; ಬಾರದವರು ಬರಲಿಲ್ಲ. ಇಂಡೊನೇಷ್ಯಾದಲ್ಲಿ ಯಾವ ಕರಾರೂ ಇಲ್ಲದೆ ಶಿಕ್ಷಕರ ವೇತನವನ್ನು ಇಮ್ಮಡಿಗೊಳಿಸಿದಾಗ ಮಕ್ಕಳ ಕಲಿಕೆ ಕದಲಲಿಲ್ಲ ಎಂಬ ಅಧ್ಯಯನವೂ 2018ರಲ್ಲಿ ಬಂತು. ನೋಡಿ, ಹಣ ಏನನ್ನೂ ಮಾಡದು ಎಂದೂ ಅಲ್ಲ, ಎಲ್ಲವನ್ನೂ ಮಾಡುತ್ತದೆ ಎಂದೂ ಅಲ್ಲ. ನನ್ನ ಸಂದೇಹ ಬೇರೆ. ಆ ಪ್ರಯೋಗದಲ್ಲಿ ಪರೀಕ್ಷೆಯಾದದ್ದು ಗಣಿತ ಮತ್ತು ತೆಲುಗು. ಐದು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ದಸರೆಗೆ ಬರುವ ಪುಸ್ತಕದಿಂದ ಕನ್ನಡ ಕಲಿಸುವವನ ದುಡಿಮೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಈಗ ನನ್ನದೇ ಒಂದು ತಪ್ಪೊಪ್ಪಿಗೆ. ನನ್ನ ಇಬ್ಬರು ಮಕ್ಕಳೂ ಓದಿದ್ದು ಇದೇ ಸಿಕಂದರಾಬಾದಿನಲ್ಲಿ, ಇಂಗ್ಲಿಷ್ ಮಾಧ್ಯಮದಲ್ಲಿ. ನಾನು ಗಡಿಯಲ್ಲಿ ಊರವರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ನನ್ನಾಕೆ ಇಲ್ಲಿ ಬಾಡಿಗೆ ಮನೆ ಹಿಡಿದು ನಮ್ಮ ಮಕ್ಕಳನ್ನು ಓದಿಸುತ್ತಿದ್ದಳು. ಇದು ಊರವರಿಗೆ ಗೊತ್ತಿತ್ತು. ನನ್ನ ವಿಭಾಗದಲ್ಲಿ ಮಕ್ಕಳ ಸಂಖ್ಯೆ ಕುಸಿಯತೊಡಗಿದಾಗ ಒಬ್ಬ ರೈತರು, “ಸಾರ್, ನಿಮ್ಮ ಮಕ್ಕಳು ಯಾವ ಸಾಲಿಗೆ ಹೋಗ್ತಾವ್ರಿ?” ಎಂದು ಕೇಳಿದರು. ಅದಕ್ಕೆ ಅಂದೂ ನನ್ನಲ್ಲಿ ಉತ್ತರವಿರಲಿಲ್ಲ. ಕಾಚಿಗುಡದ ನೃಪತುಂಗ ಶಾಲೆಯ ಬಗ್ಗೆ ನಾವೆಲ್ಲ ಹೆಮ್ಮೆ ಪಡುತ್ತೇವೆ. ಈ ಸಭೆಯಲ್ಲಿರುವವರಲ್ಲಿ ಎಷ್ಟು ಮಂದಿಯ ಮಕ್ಕಳು, ಮೊಮ್ಮಕ್ಕಳು ಕನ್ನಡ ಮಾಧ್ಯಮದ ಹಲಗೆಯ ಮುಂದೆ ಕುಳಿತಿದ್ದಾರೆ ಎಂದು ಕೈ ಎತ್ತಿಸುವ ಧೈರ್ಯ ನನಗಿಲ್ಲ, ಏಕೆಂದರೆ ಮೊದಲು ಇಳಿಯಬೇಕಾದ ಕೈ ನನ್ನದು.

ಆದರೆ ಗಡಿಯ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡವಲ್ಲದೆ ಬೇರೇನೂ ತಿಳಿಯದ ಆರು ವರ್ಷದ ಮಕ್ಕಳು ಇಂದಿಗೂ ಇದ್ದಾರೆ. ಅವರಿಗಾಗಿಯೇ 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಿದರು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಸೌಕರ್ಯ. ಅದಕ್ಕೂ ಮೊದಲೇ, 1949ರಲ್ಲಿ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಕೊಟ್ಟಿತ್ತು: ಶಾಲೆಯಲ್ಲಿ 40 ಮಕ್ಕಳು, ಇಲ್ಲವೆ ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು. 2009ರ ಶಿಕ್ಷಣ ಹಕ್ಕಿನ ಕಾಯಿದೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎನ್ನುತ್ತದೆ. ಅದರ ಅನುಸೂಚಿ ತಲೆ ಎಣಿಸುತ್ತದೆ, ಆ ತಲೆಯೊಳಗಿನ ಭಾಷೆಯನ್ನು ಎಣಿಸುವುದಿಲ್ಲ.

“ನೀವು ಎಷ್ಟು ಜನ?” ಎಂದು ಕೇಳಿದವರಿಗೆ ನಾನು ಅಂದು ಹನ್ನೊಂದು ಎಂದೆ. ಮೇಷ್ಟ್ರುಗಳನ್ನಷ್ಟೇ ಎಣಿಸಿದ್ದು ನನ್ನ ತಪ್ಪು. ಮಕ್ಕಳನ್ನು, ತಂದೆತಾಯಿಯರನ್ನು, ಈ ಸಂಘದಂಥ ಸಂಘಗಳ ಸದಸ್ಯರನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಶಿಕ್ಷಕರ ಸಂಘಟನೆಗೆ ನಮ್ಮ ಬೇಡಿಕೆ ಎಂದೂ ಕೊನೆಯಿಂದ ಎರಡನೆಯದೇ. ನಮ್ಮ ಸಂಘಕ್ಕೆ ಅದು ಮೊದಲನೆಯದಾಗಬಹುದು. ತೆಲಂಗಾಣ ಸರ್ಕಾರ 2023ರ ಅಕ್ಟೋಬರಿನಲ್ಲಿ ಎರಡನೆಯ ವೇತನ ಪರಿಷ್ಕರಣಾ ಆಯೋಗವನ್ನು ರಚಿಸಿ ಶೇ. 5ರ ಮಧ್ಯಂತರ ಪರಿಹಾರ ನೀಡಿತು. ಆಗಲೂ ನಮ್ಮ ಸಂಘದಿಂದ ಒಂದು ಕಾಗದವೂ ಹೋಗಲಿಲ್ಲ. ವೇತನ ನಮ್ಮ ವಿಷಯವಲ್ಲ ಎಂದುಕೊಂಡೆವು.

ಅದಕ್ಕಾಗಿ ಕಾರ್ಯದರ್ಶಿಗಳ ಜೊತೆ ಕುಳಿತು ಎರಡು ಪುಟಗಳ ಒಂದು ಮನವಿ ಸಿದ್ಧಪಡಿಸಿದ್ದೇನೆ. ಕನ್ನಡ ಮಾಧ್ಯಮದ ಹುದ್ದೆಗಳನ್ನು ವರ್ಗಾವಣೆಯಲ್ಲೂ ಹುದ್ದೆಗಳ ಮರುಹಂಚಿಕೆಯಲ್ಲೂ ಪ್ರತ್ಯೇಕವಾಗಿ ಎಣಿಸಬೇಕು. ಪುಸ್ತಕಗಳು ಜೂನ್ ತಿಂಗಳೊಳಗೆ ಬರಬೇಕು. ತರಬೇತಿ ಕನ್ನಡದಲ್ಲಿ ಆಗಬೇಕು. ಒಬ್ಬನೇ ಎಲ್ಲ ತರಗತಿಗಳನ್ನು ನಡೆಸುವ ಶಿಕ್ಷಕನಿಗೆ ವಿಶೇಷ ಭತ್ಯೆ ಕೊಡಬೇಕು. ಒಂದು ಪ್ರತಿ ಶಿಕ್ಷಣ ಇಲಾಖೆಗೆ, ಒಂದು ಶಿಕ್ಷಕರ ಸಂಘಟನೆಗಳಿಗೆ, ಒಂದು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ. ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಉಪಾಹಾರಕ್ಕೆ ಹೋಗುವ ಮುನ್ನ ಸಹಿ ಮಾಡಿ, ದಯವಿಟ್ಟು ವಿಳಾಸವನ್ನೂ ಪೂರ್ತಿಯಾಗಿ ಬರೆಯಿರಿ. ತಮ್ಮಲ್ಲಿ ಗಡಿಯ ಹಳ್ಳಿಗಳ ಕಡೆಯವರು ಇದ್ದರೆ, ತಮ್ಮ ಊರಿನ ಶಾಲೆಯಲ್ಲಿ ಈ ವರ್ಷ ಕನ್ನಡ ವಿಭಾಗಕ್ಕೆ ಎಷ್ಟು ಮಕ್ಕಳು ಸೇರಿದ್ದಾರೆಂದು ವಿಚಾರಿಸಿ ಮುಂದಿನ ಭಾನುವಾರದೊಳಗೆ ನನಗೆ ತಿಳಿಸಿ. ಆ ಅಂಕಿ ಇಲ್ಲದೆ ಮನವಿಯ ಎರಡನೆಯ ಪುಟ ಇನ್ನೂ ಖಾಲಿಯಿದೆ.