ಉಕ್ಕಿನ ಬಲ: ಬಿಸಿ, ತಂಪು, ಅವಸರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಮೆಕ್ಯಾನಿಕಲ್ ಬಿಇ, ಅನ್ನ ಕೊಡುತ್ತಿರುವುದು ಸಾಫ್ಟ್‌ವೇರ್. ಆದರೂ ಇಂದು ಉಕ್ಕಿನ ಮಾತು ಆಡುತ್ತೇನೆ. ನಮ್ಮ ಜೇವರ್ಗಿ ಕಾಲೋನಿಯ ಮನೆಗಳೆಲ್ಲ ಅದನ್ನೇ ನಂಬಿ ನಿಂತಿವೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಸರಳನ್ನು ಯಂತ್ರಕ್ಕೆ ಕಚ್ಚಿಸಿ, ತುಂಡಾಗುವವರೆಗೆ ಎಳೆಯುತ್ತಿದ್ದೆವು. ಒಂದು ದಿನ ಊರಿನ ಬಸ್ ತಪ್ಪೀತೆಂದು ವಾಲ್ವನ್ನು ಜೋರಾಗಿ ತಿರುಗಿಸಿಬಿಟ್ಟೆ. ನನ್ನ ಸರಳು ಗೆಳೆಯರದಕ್ಕಿಂತ ಹೆಚ್ಚು ಭಾರಕ್ಕೆ ಮಣಿಯಿತು! ಹೆಮ್ಮೆಯಿಂದ ಬರೆದುಕೊಟ್ಟೆ. ಸರ್ ಅಂಕಿಯ ಮೇಲೆ ಗೀಟು ಎಳೆದರು: "ಇದು ಸರಳಿನ ಬಲ ಅಲ್ಲಪ್ಪ, ನಿನ್ನ ಅವಸರದ ಬಲ."

ಉಕ್ಕು ಮಣಿಯುವುದೆಂದರೆ ಅದರೊಳಗಿನ ಪರಮಾಣುಗಳ ಸಾಲುಗಳು ಜಾರುವುದು. ಜಾರಲು ಸಮಯ ಬೇಕು. ಶಾಖ ಅದಕ್ಕೆ ಸಹಾಯ ಮಾಡುತ್ತದೆ. ವೇಗವಾಗಿ ಎಳೆದರೂ, ತಣ್ಣಗೆ ಮಾಡಿದರೂ ಜಾರುವುದು ಕಷ್ಟ. ಹಾಗಾಗಿ ಅಂಕಿ ಏರುತ್ತದೆ, ಆದರೆ ಕೆಲವು ಉಕ್ಕುಗಳು ಹಿಗ್ಗದೆ ಗಾಜಿನಂತೆ ಒಡೆಯುತ್ತವೆ. 1943ರ ಜನವರಿಯ ಚಳಿರಾತ್ರಿ, ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಕಟ್ಟೆಗೆ ಕಟ್ಟಿದ್ದ ಸ್ಕೆನೆಕ್ಟಡಿ ಎಂಬ ಹೊಸ ತೈಲಹಡಗು ನಿಂತಲ್ಲೇ ಸೀಳಿಹೋಯಿತು. ಬಿರುಗಾಳಿಯಿಲ್ಲ, ಡಿಕ್ಕಿಯಿಲ್ಲ.

ನಮ್ಮಲ್ಲಿ ಆ ಚಳಿ ಎಲ್ಲಿ ಬರಬೇಕು! ಕಲಬುರಗಿಯ 44 ಡಿಗ್ರಿ ಬಿಸಿಲಿಗೆ ಉಕ್ಕಿನ ಬಲ ಕುಂದುವುದಿಲ್ಲ, ಉದ್ದ ಮಾತ್ರ ಹೆಚ್ಚುತ್ತದೆ. 30 ಡಿಗ್ರಿ ಏರಿದರೆ 10 ಮೀಟರ್ ಸರಳಿಗೆ ಮೂರೂವರೆ ಮಿಲಿಮೀಟರಿನಷ್ಟು. ಆದರೆ 600 ಡಿಗ್ರಿಯಲ್ಲಿ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣ ಬಡಿಗೆಗೆ ಬಗ್ಗುವುದನ್ನು ನೀವೆಲ್ಲ ಕಂಡಿದ್ದೀರಿ.

ಈಗಿನ ಟಿಎಂಟಿ ಸರಳಿನ ಕಥೆ ಬೇರೆ. ಕಾರ್ಖಾನೆಯಲ್ಲಿ ಕೆಂಡದಂತಿದ್ದಾಗಲೇ ನೀರು ಹಾಯಿಸಿ ಮೇಲ್ಪದರವನ್ನು ಗಟ್ಟಿ ಮಾಡಿರುತ್ತಾರೆ. ಸರಳಿಗೆ ಹೆಚ್ಚುವರಿ ಬಲ ಬರುವುದು ಆ ಪದರದಿಂದಲೇ. ಮತ್ತೆ ಕೆಂಪಗೆ ಕಾಯಿಸಿದರೆ ಅದು ಮೆತ್ತಗಾಗುತ್ತದೆ, ಆರಿದ ಮೇಲೂ ಹಿಂದಿನ ಬಲ ಬರುವುದಿಲ್ಲ. ಕಣ್ಣಿಗೆ ಗೊತ್ತಾಗುವುದೂ ಇಲ್ಲ.

ಹೋದ ವರ್ಷ ನಮ್ಮ ಮನೆಗೆ ಮಹಡಿ ಏರಿಸುವಾಗ, ಕಂಬದ ತುದಿಯಲ್ಲಿ ಬಗ್ಗಿಸಿಟ್ಟಿದ್ದ ಸರಳುಗಳನ್ನು ಕೆಲಸದವರು ಗ್ಯಾಸ್ ಉರಿಯಲ್ಲಿ ಕಾಯಿಸಿ ನೆಟ್ಟಗೆ ಮಾಡುತ್ತಿದ್ದರು. ತಡೆದೆ. "ಕಬ್ಬಿಣ ಕಬ್ಬಿಣಾನೇ ಅಲ್ರೀ ಸರ್" ಎಂದು ಮೇಸ್ತ್ರಿ ನಕ್ಕರು. ಅಪ್ಪನಿಗೂ ಖರ್ಚಿನ ಚಿಂತೆ. ಕೊನೆಗೆ ಕಾಂಕ್ರೀಟ್ ಒಡೆದು, ಕಾಯಿಸಿದ ಎರಡು ಸರಳುಗಳ ಜಾಗದಲ್ಲಿ ಹೊಸದು ಜೋಡಿಸಿದೆವು. ಕೆಲಸ ನಾಲ್ಕು ದಿನ ತಡವಾಯಿತು. ಆ ನಾಲ್ಕು ದಿನವೂ ಅಪ್ಪ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.