ಮನೆಯಲ್ಲಿ ವಿಮಾನ ಹಾರಿಸಲು ಎಂಥ ಕಂಪ್ಯೂಟರ್ ಬೇಕು?

ವಿಮಾನದ ಹುಚ್ಚು ಹಿಡಿಯಲು ಪುಣೆಯವರು ದೂರ ಹೋಗಬೇಕಾಗಿಲ್ಲ. ವಿಮಾನನಗರದಲ್ಲೋ ಧಾನೋರಿಯಲ್ಲೋ ಮನೆ ಮಾಡಿದ್ದರೆ ಸಾಕು, ತಾರಸಿಯ ಮೇಲೆ ಬಟ್ಟೆ ಒಣಗಹಾಕುವಷ್ಟರಲ್ಲಿ ಪ್ರಯಾಣಿಕರ ವಿಮಾನವೊಂದು ಇಳಿದಿರುತ್ತದೆ, ಅದರ ಬೆನ್ನಿಗೆ ವಾಯುಪಡೆಯ ಸುಖೋಯ್ ಕಿವಿಗಡಚಿಕ್ಕುವಂತೆ ಏರಿರುತ್ತದೆ. ಎರಡಕ್ಕೂ ಲೋಹಗಾಂವ್‌ನ ರನ್‌ವೇ ಒಂದೇ. 2002ರಲ್ಲಿ ಸುಖೋಯ್-30 ಎಂಕೆಐ ನಮ್ಮ ವಾಯುಪಡೆಗೆ ಸೇರಿದ್ದೂ ಇಲ್ಲಿಯೇ. ಇಂಥ ಊರಿನಲ್ಲಿ ಬೆಳೆದ ಹುಡುಗ ಹುಡುಗಿಯರು ಮನೆಯಲ್ಲಿ 'ಫ್ಲೈಟ್ ಸಿಮ್ಯುಲೇಟರ್' ಬೇಕು ಎಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಮಕ್ಕಳಷ್ಟೇ ಏಕೆ, ಹಿಂಜವಡಿಯ ಕಂಪನಿಯಿಂದ ನಿವೃತ್ತರಾದವರೂ ಈ ಸಾಲಿನಲ್ಲಿದ್ದಾರೆ.

ಹಟ ಈಡೇರಿಸಲು ನೀವು ಅಂಗಡಿಗೆ ಹೋಗುತ್ತೀರಿ. ವಿಷಯ ಹೇಳುತ್ತಿದ್ದಂತೆ ಕೌಂಟರಿನ ಆಚೆಯವರು ಒಂದು ದೊಡ್ಡ ಪೆಟ್ಟಿಗೆ ಇಳಿಸುತ್ತಾರೆ. ಗ್ರಾಫಿಕ್ಸ್ ಕಾರ್ಡ್. ಮೂರು ಫ್ಯಾನು, ಬಣ್ಣದ ದೀಪ. "ಇದನ್ನು ಹಾಕಿ ಸಾಹೇಬ್, ಯಾವ ಗೇಮ್ ಬೇಕಾದರೂ ಓಡುತ್ತದೆ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಗುಂಡು ಹಾರಿಸುವ ಆಟ, ಕಾರು ಓಡಿಸುವ ಆಟಗಳಿಗೆ ಆ ಮಾತು ಬಹುಮಟ್ಟಿಗೆ ಸರಿಯೇ. ಫ್ಲೈಟ್ ಸಿಮ್ಯುಲೇಟರಿಗೆ ಮಾತ್ರ ಲೆಕ್ಕ ಬೇರೆ. ಇದು ಗೊತ್ತಿಲ್ಲದೆ ಬಜೆಟ್ಟಿನ ಅರ್ಧ ಹಣವನ್ನು ಕಾರ್ಡಿಗೆ ಸುರಿದವರ ಮನೆಯಲ್ಲಿ ವಿಮಾನ ಇಳಿಯುವ ಹೊತ್ತಿಗೆ ಸರಿಯಾಗಿ ಚಿತ್ರ ತಡವರಿಸುತ್ತದೆ.

ಕಾರಣ ತಿಳಿಯಲು ನಮ್ಮ ಕಡೆಯ ಮದುವೆ ಮನೆಯನ್ನು ನೆನಪಿಸಿಕೊಳ್ಳಿ. ಅಡಿಗೆ ಮನೆಯಲ್ಲಿ ಮುಖ್ಯ ಭಟ್ಟರು ಒಬ್ಬರೇ. ಹುಳಿಗೆ ಉಪ್ಪು ಸಾಕೇ, ಪಾಯಸ ಇಳಿಸಬಹುದೇ, ಎಲ್ಲಕ್ಕೂ ಅವರ ಅಪ್ಪಣೆ ಬೇಕು. ಹೊರಗೆ ಪಂಕ್ತಿಯಲ್ಲಿ ಬಡಿಸುವವರು ಹತ್ತು ಜನ. ಭಟ್ಟರು ಹುಳಿ ಇಳಿಸದಿದ್ದರೆ ಬಡಿಸುವವರು ಹತ್ತಲ್ಲ, ನೂರು ಜನರಿದ್ದರೂ ಸೌಟು ಹಿಡಿದು ನಿಂತಿರಬೇಕು. ಈ ಭಟ್ಟರೇ ಪ್ರೊಸೆಸರ್, ಬಡಿಸುವವರೇ ಗ್ರಾಫಿಕ್ಸ್ ಕಾರ್ಡ್.

ಸಿಮ್ಯುಲೇಟರ್ ಒಂದೊಂದು ಚಿತ್ರ ತೋರಿಸುವ ಮೊದಲೂ ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತಿದೆ, ಎಂಜಿನ್ ಎಷ್ಟು ಎಳೆಯುತ್ತಿದೆ, ಕಾಕ್‌ಪಿಟ್ಟಿನ ಒಂದೊಂದು ಮುಳ್ಳು ಎಲ್ಲಿ ನಿಲ್ಲಬೇಕು, ಸುತ್ತಲಿನ ಬೇರೆ ವಿಮಾನಗಳು ಎಲ್ಲಿವೆ, ಕೆಳಗಿನ ಊರಿನ ಯಾವ ಕಟ್ಟಡ ಕಾಣಬೇಕು ಎಂದೆಲ್ಲ ಲೆಕ್ಕ ಹಾಕಬೇಕು. ಸೆಕೆಂಡಿಗೆ 30 ಚಿತ್ರ ಬೇಕೆಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 33 ಮಿಲಿಸೆಕೆಂಡು. ಈ ಕೆಲಸದ ದೊಡ್ಡ ಪಾಲು ಒಂದರ ನಂತರ ಒಂದಾಗಿಯೇ ಆಗಬೇಕು. ಹಾಗಾಗಿ ಅದು ಪ್ರೊಸೆಸರಿನ ಒಂದೇ ಕೋರಿನ ಮೇಲೆ ಬೀಳುತ್ತದೆ. ಹದಿನಾರು ಕೋರಿನ ಪ್ರೊಸೆಸರ್ ತಂದರೂ ಮುಖ್ಯ ಭಟ್ಟರು ಒಬ್ಬರೇ.

ಇದು ಹಳೆಯ ಕಾಯಿಲೆ. 2006ರಲ್ಲಿ ಮೈಕ್ರೋಸಾಫ್ಟ್‌ನ 'ಫ್ಲೈಟ್ ಸಿಮ್ಯುಲೇಟರ್ ಎಕ್ಸ್' ಬಂದಾಗ, ಪ್ರೊಸೆಸರುಗಳ ಗಿಗಾಹರ್ಟ್ಸ್ ವರ್ಷವರ್ಷವೂ ಏರುತ್ತಲೇ ಹೋಗುತ್ತದೆಂಬ ಎಣಿಕೆ ಅದರ ಹಿಂದಿತ್ತು. ಆದದ್ದು ಬೇರೆ. ಪ್ರೊಸೆಸರ್ ಕಂಪನಿಗಳು ವೇಗ ಏರಿಸುವುದನ್ನು ಬಿಟ್ಟು ಕೋರುಗಳ ಸಂಖ್ಯೆ ಏರಿಸಿದವು. ಆ ಕಾಲದಲ್ಲಿ ಹೊಚ್ಚಹೊಸ ಕಂಪ್ಯೂಟರ್ ಕೊಂಡವರೂ ಸ್ಲೈಡರುಗಳನ್ನೆಲ್ಲ ಎಡಕ್ಕೆ ಎಳೆದು ಹಾರಿಸಬೇಕಾಯಿತು. 2020ರ ಆಗಸ್ಟಿನಲ್ಲಿ, ಮತ್ತೆ 2024ರ ನವೆಂಬರಿನಲ್ಲಿ ಬಂದ ಹೊಸ ಆವೃತ್ತಿಗಳು ಕೋರುಗಳನ್ನು ಇನ್ನೂ ಚೆನ್ನಾಗಿ ಬಳಸುತ್ತವೆ. ಆದರೂ ದೊಡ್ಡ ನಗರದ ವಿಮಾನ ನಿಲ್ದಾಣಕ್ಕೆ ದೊಡ್ಡ ಜೆಟ್ ಇಳಿಸುವಾಗ ಮುಖ್ಯ ಭಟ್ಟರ ಬೆವರು ಇಳಿಯುವುದು ತಪ್ಪಿಲ್ಲ.

ಹೊಸದೇನನ್ನಾದರೂ ಕೊಳ್ಳುವ ಮೊದಲು, ಮನೆಯಲ್ಲಿ ಈಗಾಗಲೇ ಇರುವ ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ ಮಾಡಿ. ಒಂದೇ ಜಾಗದಲ್ಲಿ ವಿಮಾನ ನಿಲ್ಲಿಸಿ, ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತಿದೆ ಎಂದು ಬರೆದುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ ಅರ್ಧಕ್ಕೆ ಇಳಿಸಿ ಮತ್ತೆ ನೋಡಿ. ಫ್ರೇಮ್ ಜಿಗಿದು ಏರಿದರೆ ನಿಮ್ಮ ಗ್ರಾಫಿಕ್ಸ್ ಕಾರ್ಡ್ ಸೋಲುತ್ತಿದೆ. ಚಿತ್ರ ಮಸುಕಾಯಿತೇ ಹೊರತು ಫ್ರೇಮ್ ಏರಲಿಲ್ಲ ಎಂದರೆ ಸೋಲುತ್ತಿರುವುದು ಪ್ರೊಸೆಸರ್. ಆಗ ಎಷ್ಟು ದುಬಾರಿ ಕಾರ್ಡ್ ಹಾಕಿದರೂ ಉಪಯೋಗವಿಲ್ಲ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಡೆವಲಪರ್ ಮೋಡ್ ಒತ್ತಿದರೆ ಫ್ರೇಮ್ ಲೆಕ್ಕದ ಜೊತೆಗೆ ಯಾವುದು ತಡೆಯುತ್ತಿದೆ ಎಂಬುದೂ ಪರದೆಯ ಮೇಲೆ ಬರುತ್ತದೆ: ಮೇನ್ ಥ್ರೆಡ್ ಎಂದರೆ ಪ್ರೊಸೆಸರ್, ಜಿಪಿಯು ಎಂದರೆ ಕಾರ್ಡ್. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಅಂಗಡಿಗೆ ಹೋಗಬೇಡಿ ಎಂದೇ ನನ್ನ ಸಲಹೆ.

ಪ್ರೊಸೆಸರ್ ಕೊಳ್ಳುವಾಗ ಗಿಗಾಹರ್ಟ್ಸ್ ಮತ್ತು ಕೋರುಗಳ ಸಂಖ್ಯೆಯನ್ನು ಎಲ್ಲರೂ ನೋಡುತ್ತಾರೆ. ನೀವು ಇನ್ನೊಂದು ಅಂಕಿ ಕೇಳಿ, ಅದು ಎಲ್3 ಕ್ಯಾಶ್. ಭಟ್ಟರ ಕೈಯಳತೆಯಲ್ಲಿರುವ ಒಗ್ಗರಣೆ ಡಬ್ಬಿ ಎಂದುಕೊಳ್ಳಿ. ಬೇಕಾದ್ದು ಡಬ್ಬಿಯಲ್ಲೇ ಇದ್ದರೆ ಕೈ ಚಾಚಿದರಾಯಿತು, ಇಲ್ಲದಿದ್ದರೆ ಉಗ್ರಾಣಕ್ಕೆ ಓಡಬೇಕು. ಉಗ್ರಾಣ ಎಂದರೆ ಕಂಪ್ಯೂಟರಿನ ಮೆಮರಿ. ಸಿಮ್ಯುಲೇಟರಿಗೆ ಪದೇ ಪದೇ ಬೇಕಾಗುವ ಸಾಮಾನು ಬಹಳ, ಹಾಗಾಗಿ ಡಬ್ಬಿ ದೊಡ್ಡದಾದಷ್ಟೂ ಓಡಾಟ ಕಡಿಮೆ. ಇಂಟೆಲ್‌ನ ಕೋರ್ ಐ5 12400ರಲ್ಲಿ ಈ ಕ್ಯಾಶ್ 18 ಎಂಬಿ, ಎಎಂಡಿಯ ರೈಜೆನ್ 5 5600ರಲ್ಲಿ 32. ಎಎಂಡಿ 2022ರಲ್ಲಿ ತಂದ ರೈಜೆನ್ 7 5800ಎಕ್ಸ್3ಡಿಯಲ್ಲಿ ಒಮ್ಮೆಲೇ 96 ಎಂಬಿ. ಗಡಿಯಾರದ ವೇಗದಲ್ಲಿ ಅದು ತನ್ನದೇ ಅಣ್ಣನಾದ 5800ಎಕ್ಸ್‌ಗಿಂತ ಸ್ವಲ್ಪ ಹಿಂದೆ, ಆದರೂ ಸಿಮ್ಯುಲೇಟರಿನಲ್ಲಿ ಅದನ್ನು ಹಿಂದೆ ಹಾಕಿತು. ಅದರ ನಂತರ 2023ರಲ್ಲಿ 7800ಎಕ್ಸ್3ಡಿ, 2024ರಲ್ಲಿ 9800ಎಕ್ಸ್3ಡಿ ಬಂದವು. ಹೆಸರಿನ ಕೊನೆಯಲ್ಲಿ ಎಕ್ಸ್3ಡಿ ಎಂದಿದ್ದರೆ ಡಬ್ಬಿ ದೊಡ್ಡದು ಎಂದು ತಿಳಿಯಿರಿ.

ಹಳೆಯ ರೈಜೆನ್ ಕಂಪ್ಯೂಟರ್ ಇರುವವರಿಗೆ ಇನ್ನೊಂದು ಅನುಕೂಲ. 2017ರಿಂದ ಮಾರಾಟವಾದ ಎಎಂ4 ಮದರ್‌ಬೋರ್ಡುಗಳಲ್ಲಿ ಬಹಳಷ್ಟು, ಬಯಾಸ್ ಅಪ್‌ಡೇಟ್ ಮಾಡಿದರೆ 5000 ಸರಣಿಯ ಪ್ರೊಸೆಸರನ್ನು ಒಪ್ಪುತ್ತವೆ. ಬೋರ್ಡ್ ತಯಾರಿಸಿದವರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಇದ್ದರೆ ಇಡೀ ಯಂತ್ರ ಬದಲಿಸುವ ಬದಲು ಪ್ರೊಸೆಸರ್ ಒಂದನ್ನೇ ಬದಲಿಸಿ ಮುಗಿಸಬಹುದು. ಎಎಂ4ರ ಎಕ್ಸ್3ಡಿ ಮಾದರಿಗಳು ಈಗ ಸುಲಭವಾಗಿ ಸಿಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕಿದರೂ ಬಿಡಬೇಡಿ ಎನ್ನುತ್ತೇನೆ.

ಹಾಗಾದರೆ ಗ್ರಾಫಿಕ್ಸ್ ಕಾರ್ಡಿಗೆ ಬೆಲೆಯೇ ಇಲ್ಲವೇ? ಇದೆ. ನಮ್ಮ ಮಳೆಗಾಲದಲ್ಲಿ ಚೆನ್ನಾಗಿಯೇ ಇದೆ. ಜುಲೈ ತಿಂಗಳ ಸಂಜೆ ನಿಜವಾದ ಹವಾಮಾನ ಹಾಕಿಕೊಂಡು ಲೋಹಗಾಂವ್‌ನಿಂದ ಬೆಳಗಾವಿಯ ಸಾಂಬ್ರಾಕ್ಕೆ ಹೊರಡಿ. ನೇರ ದಾರಿಯಲ್ಲಿ ಸುಮಾರು 310 ಕಿಲೋಮೀಟರ್, ಸೆಸ್ನಾ 172ರಲ್ಲಿ ಒಂದೂವರೆ ಗಂಟೆಯ ಹಾರಾಟ. ಸಾತಾರಾ, ಕರಾಡ, ಬಲಕ್ಕೆ ಕೊಲ್ಲಾಪುರ. ಊರಿಗೆ ಹೋಗುವಾಗ ರಾತ್ರಿ ಬಸ್ಸಿನಲ್ಲಿ ನಿದ್ದೆಗಣ್ಣಿನಲ್ಲಿ ನೋಡುವ ಅದೇ ಹೆದ್ದಾರಿ ಕೆಳಗಿರುತ್ತದೆ. ಸಹ್ಯಾದ್ರಿಯ ಮೇಲೆ ಮೋಡ ಒತ್ತಾಗಿ ಕವಿದಿರುತ್ತದೆ, ಆ ಮೋಡ ಬಿಡಿಸುವ ಕೆಲಸವೆಲ್ಲ ಕಾರ್ಡಿನದು. ಸ್ಥೂಲವಾಗಿ ಹೀಗೆ ನೆನಪಿಡಬಹುದು: ಮೋಡ ದಟ್ಟವಾದರೆ ಕಾರ್ಡಿಗೆ ಭಾರ, ಊರು ದಟ್ಟವಾದರೆ ಪ್ರೊಸೆಸರಿಗೆ ಭಾರ. ಪರದೆಯ ರೆಸಲ್ಯೂಷನ್ ಹೆಚ್ಚಿದಷ್ಟೂ ಕಾರ್ಡಿಗೇ ಭಾರ. ಮನೆಯ ಹಳೆಯ 1080 ಮಾನಿಟರಿನಲ್ಲೇ ತೃಪ್ತರಾಗುವವರು ಮಧ್ಯಮ ಕಾರ್ಡಿನಲ್ಲಿ ಆರಾಮವಾಗಿ ಹಾರಬಹುದು, 4ಕೆ ಟೀವಿಗೆ ಜೋಡಿಸುವವರು ಜೇಬು ಸಡಿಲಿಸಲೇಬೇಕು.

ಕಾರ್ಡಿನಲ್ಲಿ ಮುಖ್ಯವಾಗಿ ಅದರ ಸ್ವಂತ ಮೆಮರಿ ನೋಡಿ. 2024ರ ಆವೃತ್ತಿಗೆ ಕನಿಷ್ಠ 4 ಜಿಬಿ, ಸಾಧಾರಣವಾಗಿ 8, ಉತ್ತಮವಾಗಿ ಓಡಲು 12 ಜಿಬಿ ಎಂದು ತಯಾರಕರೇ ಹೇಳಿದ್ದಾರೆ. ಮಾದರಿಯ ಸಂಖ್ಯೆ ದೊಡ್ಡದಾದರೆ ಮೆಮರಿಯೂ ದೊಡ್ಡದು ಎಂದು ಭಾವಿಸಬೇಡಿ. ಎನ್‌ವಿಡಿಯಾದ 3060 ಕಾರ್ಡ್ 12 ಜಿಬಿಯಲ್ಲಿ ಬಂದಿತ್ತು, ಅದರ ನಂತರದ 4060ರಲ್ಲಿ ಇದ್ದದ್ದು 8 ಮಾತ್ರ.

ಕಂಪ್ಯೂಟರಿನ ರ‍್ಯಾಮ್ 32 ಜಿಬಿ ಇರಲಿ. 16ರಲ್ಲಿ ಓಡುತ್ತದೆ, ಆದರೆ ಬ್ರೌಸರ್ ಒಂದನ್ನು ಪಕ್ಕದಲ್ಲಿ ತೆರೆದಿಟ್ಟರೆ ಏದುಸಿರು ಬಿಡುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮರಿ ಬೆಲೆ ಜಗತ್ತಿನಾದ್ಯಂತ ಏರಿದ್ದರಿಂದ, ಇಲ್ಲಿ ಅಂಗಡಿಯವರು ಒಂದೇ ಕಡ್ಡಿ ಹಾಕಿ ಬೆಲೆ ತಗ್ಗಿಸಿ ತೋರಿಸಬಹುದು. 16ರ ಎರಡು ಕಡ್ಡಿಗಳನ್ನೇ ಕೇಳಿ. ಎರಡಿದ್ದರೆ ಉಗ್ರಾಣಕ್ಕೆ ಎರಡು ಬಾಗಿಲಿದ್ದಂತೆ. ಜೋಡಿಸಿಕೊಟ್ಟ ಮೇಲೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಆನ್ ಆಗಿದೆಯೇ ಎಂದು ಅಲ್ಲೇ ತೆಗೆದು ನೋಡಿ. ಆಗಿರದಿದ್ದರೆ ನೀವು ಹಣ ಕೊಟ್ಟ ವೇಗ ನಿಮಗೆ ಸಿಗುವುದೇ ಇಲ್ಲ. ಖರ್ಚಿಲ್ಲದೆ ಸಿಗುವ ಈ ಲಾಭವನ್ನು ಎಷ್ಟೋ ಜನ ವರ್ಷಗಟ್ಟಲೆ ಕಳೆದುಕೊಂಡಿರುತ್ತಾರೆ.

ಡಿಸ್ಕ್ ಎನ್‌ವಿಎಂಇ ಎಸ್‌ಎಸ್‌ಡಿ ಆಗಿರಲಿ, ಒಂದು ಟಿಬಿ ಸಾಕು. ಅದರಿಂದ ಫ್ರೇಮ್ ಹೆಚ್ಚುವುದಿಲ್ಲ, ಕಾಯುವುದು ತಪ್ಪುತ್ತದೆ. ಮೈಕ್ರೋಸಾಫ್ಟ್‌ನದು ಭೂಮಿಯ ಚಿತ್ರವನ್ನು ಇಂಟರ್‌ನೆಟ್ಟಿನಿಂದ ಎಳೆದುಕೊಳ್ಳುವ ಸಿಮ್ಯುಲೇಟರ್. 2024ರ ಆವೃತ್ತಿಗೆ 50 ಎಂಬಿಪಿಎಸ್ ಇರಲಿ ಎನ್ನುತ್ತಾರೆ. ವೈಫೈಗಿಂತ ಕೇಬಲ್ ಎಳೆದರೆ ವಾಸಿ. ನೆಟ್ ನಂಬುವಂತಿಲ್ಲದ ಮನೆಗೆ ಎಕ್ಸ್-ಪ್ಲೇನ್ 12 ಒಳ್ಳೆಯದು, ಅದರ ಭೂಪಟ ಒಮ್ಮೆ ಇಳಿಸಿಕೊಂಡರೆ ಡಿಸ್ಕಿನಲ್ಲೇ ಇರುತ್ತದೆ. ಹಣವೇ ಹಾಕದೆ ರುಚಿ ನೋಡಬೇಕೆನ್ನುವವರಿಗೆ ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರ್ ಇದೆ, ಸಾಧಾರಣ ಕಂಪ್ಯೂಟರಿನಲ್ಲೂ ಹಾರುತ್ತದೆ. ಹುಚ್ಚು ಎರಡು ತಿಂಗಳಾದರೂ ನಿಲ್ಲುತ್ತದೆಯೇ ಎಂದು ನೋಡಲು ಅದು ಸಾಕು.

ಲ್ಯಾಪ್‌ಟಾಪ್ ಆಗದೇ ಎಂದು ಕೇಳುವವರು ಬಹಳ. ಆಗುತ್ತದೆ. ಆದರೆ ಹೆಸರು ಒಂದೇ ಇದ್ದರೂ ಲ್ಯಾಪ್‌ಟಾಪಿನ ಕಾರ್ಡ್ ಬೇರೆ. ಲ್ಯಾಪ್‌ಟಾಪಿನ 4060ಕ್ಕೆ 35 ವಾಟಿನಿಂದ 115 ವಾಟಿನವರೆಗೆ ಎಷ್ಟಾದರೂ ಕೊಟ್ಟಿರಬಹುದು, ಅದು ಲ್ಯಾಪ್‌ಟಾಪ್ ತಯಾರಕರ ಇಷ್ಟ. ವಾಟ್ ಎಷ್ಟು ಎಂದು ಕೇಳಿಯೇ ಕೊಳ್ಳಿ. ಪುಣೆಯ ಏಪ್ರಿಲ್ ತಿಂಗಳ ನಲವತ್ತು ಡಿಗ್ರಿಯಲ್ಲಿ ತೆಳ್ಳಗಿನ ಲ್ಯಾಪ್‌ಟಾಪ್ ಅರ್ಧ ಗಂಟೆಯಲ್ಲಿ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಡೆಸ್ಕ್‌ಟಾಪಿಗೂ ಗಾಳಿಯಾಡುವ ಕ್ಯಾಬಿನೆಟ್ ಬೇಕು. ಮುಂಗಾರಿಗೆ ಮುಂಚಿನ ಗುಡುಗು ಮಳೆಗೆ ಕರೆಂಟ್ ಹೋಗುವ ಬಡಾವಣೆಯಲ್ಲಿದ್ದರೆ ಯುಪಿಎಸ್ ಲೆಕ್ಕವನ್ನೂ ಹಾಕಿ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟ್ ಅಷ್ಟೇ, ಹಾರಾಟದ ಮಧ್ಯೆ ಅದು ಕೈ ಚೆಲ್ಲಬಹುದು. ಹೆಸರಿಲ್ಲದ ಪವರ್ ಸಪ್ಲೈ ಮಾತ್ರ ಬೇಡವೇ ಬೇಡ. ಅದು ಸುಟ್ಟರೆ ಮಿಕ್ಕದ್ದನ್ನೂ ಜೊತೆಗೆ ಸುಟ್ಟೀತು.

ಪೈಲಟ್ ಆಗಬೇಕೆನ್ನುವ ಮಕ್ಕಳಿರುವ ತಂದೆ ತಾಯಿಗಳಿಗೆ ಎರಡು ಮಾತು ಬೇರೆಯಾಗಿಯೇ ಹೇಳಬೇಕು. ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟ ಬೇಕು. ಮನೆಯ ಕಂಪ್ಯೂಟರಿನಲ್ಲಿ ಹಾರಿದ ಒಂದು ನಿಮಿಷವೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಮತ್ತೇಕೆ ಎಂದರೆ, ನಾಳೆ ಬಾರಾಮತಿಯಲ್ಲೋ ಜಕ್ಕೂರಿನಲ್ಲೋ ತರಬೇತಿಗೆ ಸೇರಿದಾಗ ಗಂಟೆಗೆ ಸಾವಿರಗಟ್ಟಲೆ ಶುಲ್ಕ ತೆತ್ತು ಕಾಕ್‌ಪಿಟ್ಟಿನಲ್ಲಿ ಕುಳಿತ ಮೇಲೆ ಯಾವ ಮುಳ್ಳು ಎಲ್ಲಿದೆ ಎಂದು ಹುಡುಕುವುದು ದುಬಾರಿ ಪಾಠ. ಚೆಕ್‌ಲಿಸ್ಟ್, ಉಪಕರಣಗಳ ಓದು, ದಿಕ್ಕಿನ ಲೆಕ್ಕ, ಇವನ್ನು ಮನೆಯಲ್ಲೇ ಕಲಿತು ಹೋಗಬಹುದು. ಅದಕ್ಕೆ ಅಲ್ಟ್ರಾ ಸೆಟ್ಟಿಂಗ್ ಬೇಡ, ತಡವರಿಸದೆ ಬರುವ 30 ಫ್ರೇಮ್ ಸಾಕು. ಇಂಥವರು ಕಾರ್ಡಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದು, ಆ ಹಣದಲ್ಲಿ ಒಳ್ಳೆಯ ಜಾಯ್‌ಸ್ಟಿಕ್ ಅಥವಾ ಯೋಕ್, ಸಾಧ್ಯವಾದರೆ ರಡ್ಡರ್ ಪೆಡಲ್ ಕೊಳ್ಳಲಿ. ಕೀಬೋರ್ಡಿನಲ್ಲಿ ವಿಮಾನ ಇಳಿಸಿ ಅಭ್ಯಾಸವಾದ ಕೈ, ಕಾಲಿಗೆ ಕೆಲಸವಿದೆ ಎಂಬುದನ್ನೇ ಮರೆಯುತ್ತದೆ. ಇನ್ನೊಂದು ಕೆಟ್ಟ ರೂಢಿಯೂ ಇದೆ: ಸಿಮ್ಯುಲೇಟರಿನಲ್ಲಿ ಪಳಗಿದವರು ಕಣ್ಣನ್ನು ಸದಾ ಮುಳ್ಳುಗಳ ಮೇಲೇ ಇಟ್ಟಿರುತ್ತಾರೆ, ನಿಜವಾದ ಸಣ್ಣ ವಿಮಾನದಲ್ಲಿ ನೋಡಬೇಕಾದದ್ದು ಕಿಟಕಿಯ ಹೊರಗೆ. ತಲೆ ತಿರುಗಿಸಿದಂತೆ ನೋಟವೂ ತಿರುಗುವ ಹೆಡ್ ಟ್ರ್ಯಾಕಿಂಗ್ ಇದಕ್ಕೆ ನೆರವಾಗುತ್ತದೆ. ಮನೆಯಲ್ಲಿರುವ ವೆಬ್‌ಕ್ಯಾಮಿಗೆ ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶ ಸೇರಿಸಿದರೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ಪ್ರೊಸೆಸರಿನ ಕ್ಯಾಶ್ ಎಷ್ಟು, ಮೆಮರಿ ಕಡ್ಡಿ ಎಷ್ಟು, ಕಾರ್ಡಿನ ಜಿಬಿ ಎಷ್ಟು, ಪವರ್ ಸಪ್ಲೈ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಬುಧವಾರ ಪೇಠೆಗೆ ಹೋಗಿ, ಎರಡು ಮೂರು ಅಂಗಡಿ ಸುತ್ತಿ. ಬಿಲ್ಲಿನಲ್ಲಿ ಒಂದೊಂದು ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿಗೆ ಅದು ಬೇಕಾಗುತ್ತದೆ. ಯಂತ್ರ ಮನೆಗೆ ಬಂದ ದಿನ ಮೊದಲು ಮುಂಬಯಿಗೆ ಒಮ್ಮೆ, ಆಮೇಲೆ ಸಾಂಬ್ರಾಕ್ಕೆ ಒಮ್ಮೆ ಇಳಿಸಿ ನೋಡಿ. ಮುಂಬಯಿಯಲ್ಲಿ ತಡವರಿಸಿ ಸಾಂಬ್ರಾದಲ್ಲಿ ಸರಾಗವಾಗಿದ್ದರೆ, ಕಟ್ಟಡಗಳ ಮತ್ತು ಇತರ ವಿಮಾನಗಳ ದಟ್ಟಣೆಯ ಸ್ಲೈಡರನ್ನು ಒಂದು ಹಂತ ಇಳಿಸಿ. ಮೋಡದ ನಡುವೆ ಮಾತ್ರ ತಡವರಿಸಿದರೆ, ಮೋಡದ ಸ್ಲೈಡರ್.